ಸೆನಾಯ್ದಾ ಅತ್ತಿಗೆಯ ತಮಾಲೆ ಬೇಯದ ಶನಿವಾರ

ನನ್ನ ಸಿಟ್ಟಿನ ಬಗ್ಗೆ ನಮ್ಮೂರಿನವರು ಏನೇನು ಆಡಿಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿದೆ. ಈ ಎರ್ಲಿಂದಾ ಕೋಳಿಗೂಡಿನ ಮುಂದೆ ಹಾದುಹೋದರೆ ಮೊಟ್ಟೆ ಒಳಗೇ ಬೆಂದುಬಿಡುತ್ತದಂತೆ, ಒಲೆಯ ಮೇಲಿನ ತಮಾಲೆ, ಅಂದರೆ ನಮ್ಮ ಮೆಕ್ಕೆಜೋಳದ ಎಲೆಗಡುಬು, ಮಾತ್ರ ಬೇಯುವುದಿಲ್ಲವಂತೆ. ಆಡಿಕೊಳ್ಳಲಿ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುವುದು ನಿಜ. ಆದರೆ ಮೂಗಿನ ತುದಿಯಲ್ಲಿರುವುದು ಒಂದು ಸೀನಿಗೆ ಹೋಗುತ್ತದೆ. ಬೆಳಿಗ್ಗೆ ಗಿರಣಿಯ ಕ್ಲೆಮೆಂತೆಗೆ ಅವನ ಮುತ್ತಜ್ಜಿಯ ತನಕ ಬೈದು ಬಂದವಳು ಮಧ್ಯಾಹ್ನ ಅವನಿಗೇ ಒಂದು ಬಟ್ಟಲು ಗೊಜ್ಜು ಕಳಿಸಿದ್ದೇನೆ. ಇದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಇರಲಿ, ಇದು ನನ್ನ ಅತ್ತಿಗೆ ಸೆನಾಯ್ದಾಳ ಕತೆ. ಅವಳು ನಮ್ಮಣ್ಣ ಅಬುಂದಿಯೊನನ್ನು ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಹತ್ತೊಂಬತ್ತು, ನನಗೆ ಹದಿನೈದು. ಅವರಿಗೆ ಮಕ್ಕಳಾಗಲಿಲ್ಲ, ನಾನು ಮದುವೆಯಾಗಲಿಲ್ಲ. ಅಣ್ಣ ಹೋಗಿ ನಾಲ್ಕು ವರ್ಷವಾಯಿತು. ಈಗ ಮನೆಯಲ್ಲಿರುವುದು ಅತ್ತಿಗೆ, ನಾನು, ಮತ್ತು ಅಪ್ಪನ ತಂಗಿ ದೊಮಿತಿಲಾ ಅತ್ತೆ. ಅತ್ತೆಗೆ ಎಂಬತ್ತಮೂರು. ಹಲ್ಲು ಮೂರೇ ಇದ್ದರೂ ನಾಲಿಗೆ ಪೂರ್ತಿ ಇದೆ.

ಶನಿವಾರ ಶನಿವಾರ ನಮ್ಮ ಮನೆಯಲ್ಲಿ ಹತ್ತು ಜನರಿಗೆ ಊಟ. ಹೋಟೆಲ್ ಅಲ್ಲ, ಬಾಗಿಲಿಗೆ ಹೆಸರಿನ ಹಲಗೆ ಇಲ್ಲ, ಏನು ಬೇಕು ಎಂದು ಕೇಳುವ ಪದ್ಧತಿಯೂ ಇಲ್ಲ. ಅಂಗಳದಲ್ಲಿ ದಾಳಿಂಬೆ ಗಿಡದ ಪಕ್ಕ ಒಂದು ಉದ್ದ ಮೇಜು, ಅದರ ಮೇಲೆ ಅತ್ತಿಗೆ ಆ ದಿನ ಏನು ಇಡುತ್ತಾಳೋ ಅದು. ಹತ್ತಿರದ ವಾಹಾಕಾ ಪಟ್ಟಣದಿಂದ ಬರುತ್ತಾರೆ, ರಾಜಧಾನಿಯಿಂದ ಬರುತ್ತಾರೆ, ಸಮುದ್ರದಾಚೆಯಿಂದಲೂ ಬರುತ್ತಾರೆ. ಒಮ್ಮೆ ಒಬ್ಬ ರಾಯಭಾರಿ ಬಂದಿದ್ದ. ಅತ್ತಿಗೆ ಅವನ ಕಾರಿನ ಚಾಲಕನನ್ನೂ ಒಳಗೆ ಕರೆದು ಅವನ ಪಕ್ಕದಲ್ಲೇ ಕೂರಿಸಿ, ಟರ್ಕಿ ಕೋಳಿಯ ತೊಡೆಯ ತುಂಡನ್ನು ಚಾಲಕನ ತಟ್ಟೆಗೆ ಹಾಕಿದಳು. ಯಾಕೆ ಎಂದು ನಾನು ಕೇಳಿದ್ದಕ್ಕೆ, "ಅವನಿಗೆ ಹಸಿವು ಜಾಸ್ತಿ ಇತ್ತು" ಅಂದಳು, ಅಷ್ಟೇ.

ಅವಳ ಮಾತೇ ಅಷ್ಟು. ಕೈ ಮಾತ್ರ ದೊಡ್ಡದು. ಕಪ್ಪು ಗೊಜ್ಜಿಗೆ ಮೆಣಸಿನಕಾಯಿ ಸುಡುವ ದಿನ ಅವಳನ್ನು ನೋಡಬೇಕು. ಹಿತ್ತಲಲ್ಲಿ ಹಂಚು ಇಟ್ಟು, ಬೀಜವನ್ನು ಇದ್ದಿಲಾಗುವ ತನಕ ಸುಡುತ್ತಾಳೆ. ಓಣಿಯೆಲ್ಲ ಕೆಮ್ಮುತ್ತದೆ, ನಾಯಿಗಳು ಊರಾಚೆ ಓಡುತ್ತವೆ. ಇವಳು ಹೊಗೆಯ ನಡುವೆ ಕಣ್ಣು ಮುಚ್ಚಿಕೊಂಡು ಕೂತಿರುತ್ತಾಳೆ. ಮೆಣಸಿನಕಾಯಿ ಸುಟ್ಟಿತೋ ಸೀದಿತೋ ಎನ್ನುವುದನ್ನು ಅವಳು ನೋಡುವುದಿಲ್ಲ, ಕೇಳಿಸಿಕೊಳ್ಳುತ್ತಾಳೆ. ಒಂದು ಉಸಿರಿನಷ್ಟು ಹೆಚ್ಚಾದರೂ ಇಡೀ ಹಂಚನ್ನು ತಿಪ್ಪೆಗೆ ಸುರಿದು ಮೊದಲಿಂದ ಶುರುಮಾಡುತ್ತಾಳೆ, ಒಂದು ಗೊಣಗಾಟವಿಲ್ಲ. ನಾನಾಗಿದ್ದರೆ ಮೆಣಸಿನಕಾಯಿ ಮಾರಿದವನಿಂದ ಹಿಡಿದು ಬೆಳೆದವನ ತನಕ ಎಲ್ಲರಿಗೂ ಮಂಗಳಾರತಿ ಮಾಡುತ್ತಿದ್ದೆ. ನಲವತ್ತು ವರ್ಷದ ಹತ್ತಿರ ಅವಳ ಪಕ್ಕದಲ್ಲಿ ನಿಂತು ಅರೆದಿದ್ದೇನೆ, ತೊಳೆದಿದ್ದೇನೆ. ಅವಳಂಥ ಅಡುಗೆಯವಳನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. ಅದನ್ನು ಅವಳೆದುರು ಒಂದು ದಿನವೂ ಹೇಳಿರಲಿಲ್ಲ, ಅದು ಬೇರೆ ಮಾತು.

ಅವಳ ಕೈ ಸದಾ ಹಿಟ್ಟಿನಲ್ಲಿ ಇರುವುದರಿಂದ ಅವಳ ಫೋನು ನನ್ನ ಸೆರಗಿನಲ್ಲಿ ಇರುತ್ತದೆ. ಯಾರು ಬರುತ್ತಾರೆ, ಎಷ್ಟು ಜನ, ಎಲ್ಲ ನಾನೇ ಮಾತಾಡುವುದು. ನನ್ನ ತಪ್ಪು ಶುರುವಾದದ್ದು ಅಲ್ಲಿಂದ.

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ರಾಜಧಾನಿಯಿಂದ ದೋನ್ಯಾ ಲಿಯೊನೋರ್ ಎಂಬ ಅಮ್ಮಾವ್ರು ಫೋನ್ ಮಾಡಿದರು. ಎರಡು ವರ್ಷದ ಕೆಳಗೆ ನಮ್ಮ ಮೇಜಿನಲ್ಲಿ ಉಂಡುಹೋದವರು. ಅವರಿಗೆ ಅಲ್ಲಿ ದೊಡ್ಡ ಊಟದ ಮನೆಗಳು ಇವೆಯಂತೆ. ಹೊಸದೊಂದು ತೆಗೆಯುತ್ತಿದ್ದೇನೆ, ನಮ್ಮ ಕಣಿವೆಯ ಅಡುಗೆ ಮಾತ್ರ ಅಲ್ಲಿ, ಸೆನಾಯ್ದಾ ಬಂದು ಒಂದು ವರ್ಷ ಅಡುಗೆಮನೆ ನಡೆಸಿಕೊಡಬೇಕು, ಬಾಗಿಲ ಮೇಲೆ ಅವಳದೇ ಹೆಸರು ಹಾಕಿಸುತ್ತೇನೆ ಅಂದರು.

ಅಣ್ಣ ಇಲ್ಲ. ಇವಳೂ ಹೋದರೆ ನಾನು ಯಾರ ಪಕ್ಕದಲ್ಲಿ ನಿಂತು ಅರೆಯಲಿ? ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು ಹೇಳಿದೆ.

"ಅವಳ ಮಂಡಿ ಹೋಗ್ಬಿಟ್ಟಿದೆ ಅಮ್ಮಾ. ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ. ಅವಳೇ ಹೇಳಿದಾಳೆ, ಎಲ್ಲಿಗೂ ಬರಲ್ಲ ಅಂತ."

ಅಯ್ಯೋ ಪಾಪ ಎಂದು ಅವರು ಫೋನಿಟ್ಟರು. ಅತ್ತಿಗೆ ಅಲ್ಲೇ ಹತ್ತು ಮಾರು ದೂರದಲ್ಲಿ ಮೂವತ್ತು ಕಿಲೋ ಜೋಳದ ಚೀಲವನ್ನು ಹೆಗಲಿಗೆ ಏರಿಸಿಕೊಂಡು ಹೋಗುತ್ತಿದ್ದಳು. ನಾನು ಅವಳಿಗೆ ಒಂದು ಮಾತೂ ಹೇಳಲಿಲ್ಲ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಮೂರು ತಿಂಗಳು ಕಳೆದೆ. ಆಗಸ್ಟಿನ ಒಂದು ಗುರುವಾರ ಗಿರಣಿಗೆ ಹೋಗುವಾಗ ಫೋನನ್ನು ಮನೆಯಲ್ಲೇ ಮರೆತೆ. ಹಿಟ್ಟಿನ ಬಕೆಟ್ಟು ಹೊತ್ತು ಬಂದಾಗ ಅತ್ತಿಗೆ ಬೀನ್ಸ್ ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಫೋನ್ ಬಂದಿತ್ತು," ಅಂದಳು. "ಲಿಯೊನೋರ್ ಅಂತೆ. ಶನಿವಾರ ಊಟಕ್ಕೆ ಬರ್ತಾರಂತೆ. ಹಳದಿ ತಮಾಲೆ ಬೇಕಂತೆ."

ನಾನು ಬಕೆಟ್ಟು ಕೆಳಗಿಟ್ಟೆ. "ಇನ್ನೇನಾದ್ರೂ ಹೇಳಿದ್ರಾ?"

"ಇನ್ನೇನ್ ಹೇಳ್ಬೇಕಿತ್ತು?"

"ಏನಿಲ್ಲ. ಸುಮ್ನೆ ಕೇಳ್ದೆ."

ಅವಳು ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದಳು. ನಾನು ಬದುಕಿದೆ ಅಂದುಕೊಂಡೆ. ಆದರೆ ಶನಿವಾರ ಆ ಹೆಂಗಸು ಎದುರಿಗೆ ಬಂದು ಕೂತು ಬಾಯಿ ಬಿಟ್ಟರೆ? ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಮಾತು ಹೊರಬಿದ್ದರೆ ಅತ್ತಿಗೆ ನನ್ನ ಮುಖ ನೋಡುವುದಿಲ್ಲ, ಗಂಟುಮೂಟೆ ಕಟ್ಟಿಕೊಂಡು ಹೋಗಿಯೂಬಿಡುತ್ತಾಳೆ. ಇದೇ ಯೋಚನೆ.

ಶನಿವಾರ ಬೆಳಿಗ್ಗೆ ಐದಕ್ಕೇ ಶುರುವಾಯಿತು. ಅತ್ತಿಗೆ ಹಿಟ್ಟಿಗೆ ಹಂದಿ ಕೊಬ್ಬು ಹಾಕಿ ಎರಡೂ ಕೈಯಿಂದ ಬಡಿದಳು. ಒಂದು ಚಿಟಿಕೆ ಹಿಟ್ಟು ನೀರಿಗೆ ಹಾಕಿದರೆ ತೇಲಬೇಕು, ಆಗ ಹದ. ತೇಲಿತು. ಹಳದಿ ಗೊಜ್ಜಿಗೆ ಸೋಂಪಿನ ವಾಸನೆಯ ಅಗಲ ಎಲೆಯನ್ನು ಕಿವುಚಿ ಹಾಕಿದಳು. ನಾನು ಹೊಲದಿಂದ ಜೋಳದ ಹಸಿರು ಎಲೆ ಕೊಯ್ದು ತಂದೆ. ಎಲೆಯ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಗೊಜ್ಜು, ಎರಡೆಳೆ ಕೋಳಿ, ನಾಲ್ಕು ಮಡಿಕೆ. ಅವಳ ಮಡಿಕೆ ನೋಡುತ್ತಿದ್ದರೆ ನೋಡುತ್ತಲೇ ಇರಬೇಕು ಅನ್ನಿಸುತ್ತದೆ. ನಾನು ಹತ್ತು ಮಡಚುವಷ್ಟರಲ್ಲಿ ಅವಳದು ಮೂವತ್ತು, ಮೂವತ್ತೂ ಒಂದೇ ಅಚ್ಚು. ಹನ್ನೊಂದಕ್ಕೆ ಹಬೆಯ ಹಂಡೆ ಒಲೆಗೇರಿತು. ತಳದಲ್ಲಿ ಒಂದು ನಾಣ್ಯ ಹಾಕಿದ್ದೆವು. ನೀರು ಕುದಿಯುವಾಗ ಅದು ಗಿಲಗಿಲ ಅನ್ನುತ್ತಿರಬೇಕು, ಸದ್ದು ನಿಂತರೆ ನೀರು ಆರಿತು ಎಂದು ಅರ್ಥ.

ಹನ್ನೆರಡೂ ಕಾಲಿಗೆ ಅತ್ತಿಗೆ ಒಂದನ್ನು ತೆಗೆದು ಬಿಚ್ಚಿದಳು. ಹಸಿ ಹಿಟ್ಟು ಎಲೆಗೆ ಮೆತ್ತಿಕೊಂಡು ಬಂತು. ಮುಚ್ಚಳ ಹಾಕಿದಳು. ಹನ್ನೆರಡೂ ಮುಕ್ಕಾಲಿಗೆ ಇನ್ನೊಂದು ಬಿಚ್ಚಿದಳು, ಅದೂ ಹಾಗೇ. ಬೆಂಕಿ ಧಗಧಗ ಉರಿಯುತ್ತಿತ್ತು. ನಾಣ್ಯ ಕುಣಿಯುತ್ತಿತ್ತು. ಹಬೆ ಸೂರಿಗೆ ಮುಟ್ಟುತ್ತಿತ್ತು. ಊಟ ಎರಡಕ್ಕೆ.

ಹಂಚಿನ ಮುಂದೆ ರೊಟ್ಟಿ ತಟ್ಟುತ್ತಿದ್ದ ದೊಮಿತಿಲಾ ಅತ್ತೆ ಕೈ ನಿಲ್ಲಿಸಿದಳು.

"ಈ ಮನೇಲಿ ಯಾರಿಗೋ ಸಿಟ್ಟಿದೆ," ಅಂದಳು.

ಹೀಗೆಂದರೆ ಮುಗಿಯಿತು. ಸಿಟ್ಟಿದ್ದ ಮನೆಯಲ್ಲಿ ತಮಾಲೆ ಬೇಯುವುದಿಲ್ಲ. ಇದು ನನಗೂ ಗೊತ್ತು, ಅತ್ತಿಗೆಗೂ ಗೊತ್ತು, ಹಿತ್ತಲಿನ ಕತ್ತೆಗೂ ಗೊತ್ತು. ಯಾರದು ಎಂದು ಅತ್ತೆ ಕೇಳಲೂ ಇಲ್ಲ. ಸೀದಾ ನನ್ನ ಮುಖ ನೋಡಿದಳು.

"ನನ್ನನ್ಯಾಕೆ ನೋಡ್ತೀಯ?"

"ಮತ್ತೆ ಕೋಳೀನ ನೋಡ್ಲಾ?"

"ನಂಗೆ ಯಾರ ಮೇಲೂ ಸಿಟ್ಟಿಲ್ಲ."

"ಇಲ್ಲ ಅನ್ನೋ ಮಾತ್ನೇ ಕಿರುಚ್ತಾ ಇದೀಯಲ್ಲೇ."

"ಇದು ನನ್ನ ಧ್ವನಿ. ಹುಟ್ಟಿದಾಗಿಂದ ಇದೇ."

"ಬೆಳಿಗ್ಗೆ ಗಿರಣೀಲಿ ಯಾರಿಗೆ ಬೈದೆ?"

"ಅದು ಬೆಳಿಗ್ಗೆ."

ಅತ್ತೆ ರೊಟ್ಟಿ ಹಿಟ್ಟಿನ ಕೈಯಿಂದಲೇ ಹಿತ್ತಲ ಬಾಗಿಲು ತೋರಿಸಿದಳು. "ಹೋಗು. ಟರ್ಕಿ ಕೋಳಿ ಜೊತೆ ನಿಂತ್ಕೋ. ಬೈದೋರನ್ನೆಲ್ಲ ಹೆಸರು ಹಿಡಿದು ಕ್ಷಮಿಸು, ಆಮೇಲೆ ಒಳಗೆ ಬಾ."

ಅತ್ತಿಗೆ ಏನಾದರೂ ಹೇಳುತ್ತಾಳೆ ಎಂದು ಅವಳ ಕಡೆ ನೋಡಿದೆ. ಅವಳು ಬೆಂಕಿಗೆ ಇನ್ನೊಂದು ಕಟ್ಟಿಗೆ ತುರುಕುತ್ತಿದ್ದಳು.

ಐವತ್ತನಾಲ್ಕು ವರ್ಷದ ಹೆಂಗಸು, ಟರ್ಕಿ ಕೋಳಿಗಳ ನಡುವೆ ನಿಂತೆ. ತಮಾಲೆ ಬೇಯಬೇಕಲ್ಲ. ಬೇಲಿಯಾಚೆಗೆ ಕೇಳುವ ಹಾಗೆ ಕೂಗಿದೆ. "ಗಿರಣಿ ಕ್ಲೆಮೆಂತೆ, ನಿನ್ನ ಕ್ಷಮಿಸಿದೀನಿ. ಪಕ್ಕದ್ಮನೆ ಹುಂಜಾನೂ ಕ್ಷಮಿಸಿದೀನಿ. ನೀರು ಬಿಡೋನನ್ನ ಕ್ಷಮಿಸಿದೀನಿ, ಅವನು ನಾಳೆಯಾದ್ರೂ ನೀರು ಬಿಡಲಿ. ಚರ್ಚಲ್ಲಿ ನನ್ನ ಜಾಗದಲ್ಲಿ ಕೂರೋ ಪೊರ್ಫಿರಿಯಾನ..." ಇಲ್ಲಿ ಸ್ವಲ್ಪ ಹೊತ್ತು ಬೇಕಾಯಿತು. "ಸರಿ, ಅವಳನ್ನೂ ಕ್ಷಮಿಸಿದೀನಿ."

ಬೇಲಿಯಾಚೆಯಿಂದ ಪೊರ್ಫಿರಿಯಾಳ ಧ್ವನಿ ಬಂತು. "ಯಾಕೆ ಎರ್ಲಿಂದಾ, ಸಾಯ್ತಾ ಇದೀಯಾ?"

"ನಿನ್ನ ಕಳಿಸಿಯೇ ಹೋಗೋದು ನಾನು," ಅಂದೆ. ಕೂಡಲೇ ಆ ಮಾತನ್ನೂ ವಾಪಸು ತೆಗೆದುಕೊಂಡೆ.

ಒಳಗೆ ಬಂದು ಜೋಳದೆಲೆಯನ್ನು ಸೀಳಿ ಹಂಡೆಯ ಎರಡು ಕಿವಿಗೂ ಗಂಟು ಹಾಕಿ ಕಟ್ಟಿದೆ. ಹಂಡೆಯ ಕಿವಿಗೆ ಜಗಳ ಕೇಳಿಸಬಾರದು ಎಂದು ಅದು. ಶಿಲುಬೆ ಗುರುತು ಹಾಕಿದೆ. ಸೊಂಟಕ್ಕೆ ಕೈ ಕೊಟ್ಟು ಒಂಟಿಯಾಗಿ ಹಂಡೆಯ ಸುತ್ತ ಮೂರು ಸುತ್ತು ಕುಣಿದೆ. ಅತ್ತೆ ಚಪ್ಪಾಳೆ ತಟ್ಟಿದಳು. ಒಂದೂ ಕಾಲಿಗೆ ಮೂರನೆಯದನ್ನು ಬಿಚ್ಚಿದೆವು. ಹಸಿ.

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ನನ್ನ ಹೊಟ್ಟೆಯಲ್ಲಿ ಸಿಟ್ಟಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ಸುಳ್ಳು ಇತ್ತಲ್ಲ. ಮೂರು ತಿಂಗಳಿಂದ ಕೂತಿತ್ತಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನನ್ನ ಕೈ ಎದೆಗೆ ಹೋಯಿತು. ಇನ್ನು ಮುಕ್ಕಾಲು ಗಂಟೆಯಲ್ಲಿ ಹತ್ತು ಜನ ಬರುತ್ತಾರೆ, ಅತ್ತಿಗೆಯ ಮೇಜಿನ ಮೇಲೆ ಹಸಿ ಹಿಟ್ಟು ಇರುತ್ತದೆ, ಅವಳ ಹೆಸರು ಕೆಡುತ್ತದೆ, ಅದೂ ನನ್ನಿಂದ. ನಾನು ಏನನ್ನು ಬೇಕಾದರೂ ತಡೆದುಕೊಂಡೇನು, ಅದನ್ನು ತಡೆದುಕೊಳ್ಳಲಾರೆ.

"ಅತ್ತಿಗೆ," ಅಂದೆ. "ಒಂದು ಮಾತು ಹೇಳ್ಬೇಕು. ಸಿಟ್ಟಲ್ಲ, ಬೇರೆ. ಮೇ ತಿಂಗಳಲ್ಲಿ ಆ ಲಿಯೊನೋರ್ ಅಮ್ಮ ನಿನ್ನ ಕರೆದಿದ್ರು. ರಾಜಧಾನಿಗೆ. ದೊಡ್ಡ ಅಡುಗೆಮನೆ, ಒಂದು ವರ್ಷ, ನಿನ್ನ ಹೆಸರಲ್ಲಿ. ನಾನು ನಿಂಗೆ ಹೇಳ್ಲಿಲ್ಲ. ನಿನಗೆ ಮಂಡಿ ಇಲ್ಲ ಅಂದ್ಬಿಟ್ಟೆ. ನೀನೇ ಬರಲ್ಲ ಅಂದೆ ಅಂತ ಹೇಳ್ಬಿಟ್ಟೆ."

ಅತ್ತಿಗೆ ಕಟ್ಟಿಗೆಯನ್ನು ಕೆಳಗಿಟ್ಟಳು. "ಗೊತ್ತು," ಅಂದಳು.

"ಏನ್ ಗೊತ್ತು?"

"ಗುರುವಾರ ಅವರು ಕೇಳಿದ್ರು, ಮಂಡಿ ಹೇಗಿದೆ ಅಂತ. ಆಮೇಲೆ ಎಲ್ಲ ಹೇಳಿದ್ರು. ಮಂಡಿ ಚೆನ್ನಾಗಿದೆ ಅಂತ ನಾನೂ ಹೇಳ್ಲಿಲ್ಲ."

"ಗುರುವಾರದಿಂದ ಗೊತ್ತಾ? ಹಾಗಾದ್ರೆ ಸಿಟ್ಟು ನಿಂದು. ಬೆಳಿಗ್ಗೆಯಿಂದ ನಾನು ಊರ ಕೋಳಿಗಳನ್ನೆಲ್ಲ ಕ್ಷಮಿಸ್ತಾ ನಿಂತಿದೀನಿ, ಸಿಟ್ಟು ನಿಂದಾ?"

ಅತ್ತೆ ಬಾಯಿ ತೆರೆದುಕೊಂಡು ಸೆನಾಯ್ದಾಳ ಕಡೆ ತಿರುಗಿದಳು. ನಾವಿಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲ. ಆ ಮನೆಯಲ್ಲಿ ಸಿಟ್ಟು ಎಂದರೆ ಎರ್ಲಿಂದಾ. ಇನ್ನೊಬ್ಬಳಿಗೂ ಅದು ಬರಬಹುದು ಎಂದು ನಲವತ್ತು ವರ್ಷದಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಬೂದಿ ಮುಚ್ಚಿದ ಕೆಂಡವನ್ನು ನಾವು ತಣ್ಣಗಿನ ಒಲೆ ಅಂದುಕೊಂಡಿದ್ದೆವು.

"ಹೌದು, ನಂದು," ಅಂದಳು ಅತ್ತಿಗೆ. ಮೊದಲು ಮೆತ್ತಗೆ ಅಂದಳು. ಆಮೇಲೆ ಅವಳ ಧ್ವನಿ ಏರಿತು. ಅವಳಿಗೆ ಅಂಥ ಧ್ವನಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. "ಹೌದು ಕಣೇ, ನಂದು. ನನ್ನ ಬಾಯಲ್ಲಿ ಮಾತಿಲ್ಲ ಅಂತ ನೀನೇ ಮಾತಾಡ್ತಾ ಬಂದೆ. ಬಂದೋರ ಹತ್ರ ನೀನು, ಪಾದ್ರಿ ಹತ್ರ ನೀನು, ಡಾಕ್ಟ್ರ ಹತ್ರ ನೀನು. ನಂಗೆ ಎಲ್ಲಿ ನೋವು ಅಂತಾನೂ ನೀನೇ ಹೇಳ್ತಿದ್ದೆ. ಅಬುಂದಿಯೊ ಸತ್ತ ದಿನ ನಾನು ಬಾಯಿ ತೆಗೆಯೋಕೆ ಮುಂಚೆ ನೀನು ಬಿದ್ದು ಹೊರಳಾಡಿ ಗೋಳಾಡಿದೆ. ಊರೋರೆಲ್ಲ ನಿನ್ನ ಸಮಾಧಾನ ಮಾಡಿದ್ರು. ನಾನು ಇದೇ ಒಲೆ ಮುಂದೆ ಇನ್ನೂರು ಜನಕ್ಕೆ ಬೇಯಿಸ್ತಾ ಇದ್ದೆ. ನನ್ನ ಗಂಡ ಅವನು."

"ಅತ್ತಿಗೆ..."

"ಸುಮ್ನಿರು. ನನ್ನ ಸರದಿ. ಐವತ್ತೆಂಟು ವರ್ಷಕ್ಕೆ ಒಂದ್ಸಲ ಯಾರೋ ನನ್ನ ಹೆಸರು ಹಿಡಿದು ಕರೆದಿದ್ರು. ಹೋಗ್ತೀನೋ ಬಿಡ್ತೀನೋ, ಕರೆದಿದ್ದು ನಂಗೆ ಗೊತ್ತಾಗ್ಬೇಡ್ವಾ?"

ಇಷ್ಟು ಹೇಳಿ ಒಲೆಯ ಪಕ್ಕದಲ್ಲಿದ್ದ ಮರದ ಸೌಟನ್ನು ತೆಗೆದು ಬೀಸಿ ಎಸೆದಳು. ಅದು ಹೋಗಿ ಬಾಗಿಲ ಬಳಿಯ ನೀರಿನ ಮಡಕೆಗೆ ಬಡಿಯಿತು. ಮಡಕೆ ಎರಡು ಹೋಳಾಗಿ ನೀರು ಅಂಗಳದವರೆಗೆ ಹರಿಯಿತು.

"ಹಾಂ," ಎಂದಳು ದೊಮಿತಿಲಾ ಅತ್ತೆ, ತುಂಬ ಸಮಾಧಾನದಿಂದ. "ಈಗ ದಾರಿಗೆ ಬಂತು."

ನನಗೆ ನಾಚಿಕೆಯಾಯಿತು. ಅವಳು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ನಾನು ಅವಳಿಗೆ ಆಸರೆ ಅಂದುಕೊಂಡು ಅವಳ ಬಾಯಿಗೇ ಅಡ್ಡ ನಿಂತಿದ್ದೆ. ತಪ್ಪಾಯಿತು ಅಂದೆ. ಹೆದರಿಕೆಯಾಗಿತ್ತು, ನೀನು ಹೋದರೆ ನಾನೇನು ಮಾಡಲಿ ಎಂದು ಹೆದರಿದ್ದೆ, ಅಂದೆ. ಅಳುತ್ತ ಅಂದೆ. ಅತ್ತಿಗೆ ಸೆರಗಿನಿಂದ ತನ್ನ ಮೂಗು ಒರೆಸಿಕೊಂಡಳು.

"ಅಳೋದು ಆಮೇಲೆ," ಅಂದಳು ಅತ್ತೆ. "ಜಗಳ ಆಡ್ದೋರು ಇಬ್ರೂ ಕೈ ಹಿಡ್ಕೊಂಡು ಸುತ್ತು ಹಾಕ್ಬೇಕು. ಒಬ್ಬಳು ಕುಣಿದ್ರೆ ಹಂಡೆಗೆ ಏನು ತಿಳಿಯತ್ತೆ? ಏಳಿ."

ಅತ್ತಿಗೆ ಕೈ ಚಾಚಿದಳು. ಹಿಟ್ಟು ಒಣಗಿ ಬಿರುಕು ಬಿಟ್ಟ ಕೈ. ನಾನು ಹಿಡಿದೆ. ಅತ್ತೆ ಮದುವೆಯ ಹಾಡೊಂದನ್ನು ಮೂಗಿನಲ್ಲಿ ಗುನುಗುತ್ತ ಹಂಚಿನ ಅಂಚಿಗೆ ತಾಳ ಹಾಕಿದಳು. ನಾವು ಒದ್ದೆ ನೆಲದಲ್ಲಿ ಹಂಡೆಯ ಸುತ್ತ ಕುಣಿದೆವು. ಮೊದಲ ಸುತ್ತು ಅವಳು ನನ್ನ ಮುಖ ನೋಡಲಿಲ್ಲ. ಎರಡನೆಯದರಲ್ಲಿ ನಾನು ಜಾರಿದೆ, ಅವಳು ಎಳೆದು ನಿಲ್ಲಿಸಿದಳು. ಮೂರನೆಯದರಲ್ಲಿ ಯಾಕೋ ಇಬ್ಬರಿಗೂ ನಗು ಬಂತು. ಅವಳು ಮೊಣಕಾಲು ಎತ್ತೆತ್ತಿ ಹಾಕುತ್ತಿದ್ದಳು, ಹುಡುಗಿಯ ಹಾಗೆ.

ಆಗಲೇ ಬಾಗಿಲಲ್ಲಿ ಯಾರೋ ಕೆಮ್ಮಿದರು. ದೋನ್ಯಾ ಲಿಯೊನೋರ್, ಇಪ್ಪತ್ತು ನಿಮಿಷ ಮುಂಚೆಯೇ ಬಂದಿದ್ದರು. ಕೈಯಲ್ಲಿ ಒಂದು ಗಾಜಿನ ಡಬ್ಬಿ. ಅದರಲ್ಲಿ ಮಂಡಿಗೆ ಹಚ್ಚುವ ಮುಲಾಮು.

ಅವರು ಅತ್ತಿಗೆಯ ಕಾಲು ನೋಡಿದರು, ಡಬ್ಬಿ ನೋಡಿದರು. "ಮಂಡಿ..." ಅಂದರು.

ನಾನು ನೆಲ ಬಿರಿಯಲಿ ಅಂದುಕೊಂಡೆ. ಅತ್ತಿಗೆ ನನ್ನ ಕೈ ಬಿಡಲಿಲ್ಲ. "ವಾಸಿ ಆಯ್ತಮ್ಮ," ಅಂದಳು. "ಇವಳೇ ನೋವು ಕೊಟ್ಟಿದ್ದು, ಇವಳೇ ವಾಸಿ ಮಾಡಿದಳು. ಆ ಡಬ್ಬಿ ನಮ್ಮತ್ತೆಗೆ ಕೊಡಿ, ಅವರದು ನಿಜವಾದ ಮಂಡಿನೋವು."

ಎರಡೂ ಹತ್ತಕ್ಕೆ ನಾಲ್ಕನೆಯದನ್ನು ಬಿಚ್ಚಿದೆವು. ಎಲೆಯಿಂದ ತಾನಾಗಿ ಬಿಟ್ಟುಕೊಂಡು ಬಂತು, ಮೇಲೆ ಎಲೆಯ ಗೆರೆ ಒಂದೊಂದೂ ಮೂಡಿತ್ತು. ಬೆಂಕಿ ಸಾಕಷ್ಟು ಹೊತ್ತು ಉರಿದಿತ್ತು, ಬೇಯಲೇಬೇಕಿತ್ತು ಎಂದು ಯಾರಾದರೂ ಹೇಳಬಹುದು. ಹೇಳಿಕೊಳ್ಳಲಿ. ಅವರ ಮನೆಯಲ್ಲಿ ಅವರು ಬೇಯಿಸಿಕೊಳ್ಳಲಿ.

ಆ ದಿನದ ಊಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ತಮಾಲೆಯ ಹಿಟ್ಟು ಬಾಯಿಗಿಟ್ಟರೆ ಕರಗುತ್ತಿತ್ತು, ಆ ಕರಗುವಿಕೆಯ ಹಿಂದೆ ಮೆಣಸಿನಕಾಯಿ ಬರುತ್ತಿತ್ತು, ಅದರ ಹಿಂದೆ ಎಲೆಯ ವಾಸನೆ. ಹತ್ತು ಜನರೂ ಎರಡನೆಯದಕ್ಕೆ ಕೈ ಚಾಚಿದರು. ಆಮೇಲೆ ಒಡೆದ ಜೋಳದಲ್ಲಿ ಬೇಯಿಸಿದ ಮೊಲ. ಆಮೇಲೆ ಟರ್ಕಿ, ಕಪ್ಪು ಗೊಜ್ಜಿನಲ್ಲಿ. ಆ ಗೊಜ್ಜು ಮೊದಲು ಸಿಹಿ ಅನ್ನಿಸುತ್ತದೆ, ನಡುವೆ ಸುಟ್ಟ ರುಚಿ, ಕೊನೆಗೆ ಕಹಿಯೂ ಅಲ್ಲ ಖಾರವೂ ಅಲ್ಲದ ಒಂದು ರುಚಿ ನಾಲಿಗೆಯ ಮೇಲೆ ಉಳಿಯುತ್ತದೆ. ಒಬ್ಬ ಗಂಡಸು ಕಣ್ಣೊರೆಸಿಕೊಂಡ. ಇನ್ನೊಬ್ಬ ತಟ್ಟೆಯನ್ನು ರೊಟ್ಟಿಯಿಂದ ಒರೆಸಿ, ಮತ್ತೊಮ್ಮೆ ಒರೆಸಿ, ನಾನು ನೋಡುತ್ತಿಲ್ಲ ಅಂದುಕೊಂಡು ಬೆರಳಿಂದಲೂ ಒರೆಸಿದ. ದೋನ್ಯಾ ಲಿಯೊನೋರ್ ತುಂಬ ನಿಧಾನವಾಗಿ ಉಂಡರು. ಅತ್ತಿಗೆ ಎಂದಿನಂತೆ ಕೂರದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತಟ್ಟೆಗಳನ್ನು ನೋಡುತ್ತಿದ್ದಳು. ಅವಳನ್ನು ನೋಡಿ ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಮೂರು ತಿಂಗಳ ಹಿಂದೆ ಬರಬೇಕಾಗಿದ್ದ ಹೆಮ್ಮೆ ಅದು.

ಕೊನೆಗೆ ನೊರೆ ಎದ್ದ ಚಾಕೊಲೇಟು ಬಡಿಸುವಾಗ ಲಿಯೊನೋರ್ ಬಟ್ಟಲು ಕೆಳಗಿಟ್ಟರು. "ದೋನ್ಯಾ ಸೆನಾಯ್ದಾ, ಮಂಡಿ ವಾಸಿ ಆಗಿದೆ ಅಂದ್ರಿ. ಹಾಗಾದ್ರೆ ನನ್ನ ಮಾತು ಹಾಗೇ ಇದೆ. ಬರ್ತೀರಾ?"

ಅತ್ತಿಗೆ ನನ್ನ ಕಡೆ ಕೈ ತೋರಿಸಿದಳು. "ಇವಳನ್ನ ಕೇಳಿ. ನನ್ನ ಪರವಾಗಿ ಮಾತಾಡೋದು ಇವಳೇ ಅಲ್ವಾ?"

ಅವಳ ತುಟಿಯಲ್ಲಿ ನಗುವಿತ್ತು, ಕಣ್ಣಲ್ಲಿ ಇರಲಿಲ್ಲ. ಹನ್ನೆರಡು ಮುಖಗಳು ನನ್ನ ಕಡೆ ತಿರುಗಿದವು. ನನ್ನ ಬಾಯಲ್ಲಿ ಹತ್ತು ಮಾತು ತಯಾರಿದ್ದವು. ಹೋಗುತ್ತಾಳೆ ಅನ್ನಬಹುದಿತ್ತು, ದೊಡ್ಡ ಮನಸ್ಸಿನವಳು ಅನ್ನಿಸಿಕೊಳ್ಳಬಹುದಿತ್ತು. ಅದೂ ಅವಳ ಮಾತನ್ನು ನಾನು ಆಡಿದ ಹಾಗೇ ಆಗುತ್ತಿತ್ತು.

"ನಂಗೆ ಗೊತ್ತಿಲ್ಲ," ಅಂದೆ. "ಅವಳನ್ನೇ ಕೇಳಿ."

ದೊಮಿತಿಲಾ ಅತ್ತೆ ಶಿಲುಬೆ ಗುರುತು ಮಾಡಿಕೊಂಡಳು. ಅತ್ತಿಗೆ ಬಾಗಿಲಿನಿಂದ ಬಂದು, ನನಗೆ ನೆನಪಿರುವ ಹಾಗೆ ಮೊದಲ ಸಲ, ತನ್ನ ಮೇಜಿನ ತುದಿಯಲ್ಲಿ ಕೂತಳು. ತನಗೊಂದು ಬಟ್ಟಲು ಚಾಕೊಲೇಟು ಕೇಳಿದಳು. ನಾನು ಬಡಿಸಿದೆ. ಅರ್ಧ ಕುಡಿದು ಹೇಳಿದಳು, "ಒಂದು ವರ್ಷ ಅಂದ್ರಲ್ಲ. ಬರ್ತೀನಿ. ಅರೆಯೋಕೆ ನನ್ನ ಕಲ್ಲೇ ಆಗ್ಬೇಕು, ಯಂತ್ರ ಆಗಲ್ಲ. ಶಿಲುಬೆ ಹಾಕದೆ ಯಾರೂ ಹಂಡೆ ಏರಿಸ್ಬಾರ್ದು. ಸತ್ತೋರ ಹಬ್ಬಕ್ಕೆ ಇಲ್ಲಿಗೆ ಬರ್ತೀನಿ, ಅದನ್ನ ಕೇಳ್ಕೊಂಡು ಕೂರಲ್ಲ."

ಎಷ್ಟು ಚೆನ್ನಾಗಿ ಮಾತಾಡಿದಳು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಬಂದವರು ಹೋದ ಮೇಲೆ ನಾವಿಬ್ಬರೂ ಹಿತ್ತಲ ತೊಟ್ಟಿಯ ಬಳಿ ಪಾತ್ರೆ ತೊಳೆಯಲು ಕೂತೆವು. ಅವಳು ಉಜ್ಜುತ್ತಿದ್ದಳು, ನಾನು ತೊಳೆಯುತ್ತಿದ್ದೆ. ಬಿಸಿಲು ಇನ್ನೂ ಇತ್ತು.

"ಮೇ ತಿಂಗಳಲ್ಲೇ ನೀನು ಹೇಳಿದ್ರೆ," ಎಂದಳು ಕೊನೆಗೆ, "ಬರಲ್ಲ ಅಂತಿದ್ದೆ."

"ಯಾಕೆ?"

"ನಿನ್ನ ಬಿಟ್ಟು ಎಲ್ಲಿ ಹೋಗ್ಲಿ ಅಂತ."

ನಾನು ತಟ್ಟೆಯನ್ನು ನೀರಿಗೆ ಬಿಟ್ಟು ಅವಳ ಕಡೆ ತಿರುಗಿದೆ. "ಈಗ?"

"ಈಗ ಹೋಗ್ಬೇಕು ಅನ್ನಿಸಿದೆ."

ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಹುಡುಕಿ ನೋಡಿದೆ. ಉಜ್ಜಿದ ಇನ್ನೊಂದು ತಟ್ಟೆಯನ್ನು ನನ್ನ ಕಡೆ ಚಾಚಿದಳು. ನಾನು ಅದನ್ನು ತೆಗೆದುಕೊಂಡು ತೊಳೆದೆ.